ತಿಜೋರಿಯೊಳಗಿನ ಲೈಸೆನ್ಸ್

ನಮ್ಮ ಯಜಮಾನರು ಏಳು ವರ್ಷ ಒಬ್ಬನೇ ಮಾಲೀಕನ ಲಾರಿ ಓಡಿಸಿದರು. ಪ್ರೀತಿಯಿಂದ ಅಂದುಕೊಳ್ಳಬೇಡಿ. ಅತ್ತೆಯ ಹೊಟ್ಟೆ ಆಪರೇಷನ್ನಿಗೆ ಅವನ ಹತ್ತಿರ ಮುಂಗಡ ತೆಗೆದುಕೊಂಡಿದ್ದೆವು, ಎರಡು ವರ್ಷ ದುಡಿದರೆ ತೀರುತ್ತದೆ ಅಂದುಕೊಂಡಿದ್ದೆವು. ಎಲ್ಲಿಯ ತೀರುವುದು! ಟೈರ್ ಒಡೆದರೆ ಇವರ ಮೇಲೆ, ಚೀಲ ಹರಿದು ಸಿಮೆಂಟ್ ಚೆಲ್ಲಿದರೆ ಇವರ ಮೇಲೆ, ಜ್ವರ ಬಂದು ಮಲಗಿದರೆ ಲಾರಿ ನಿಂತ ದಿನದ ಬಾಡಿಗೆಯೂ ಇವರ ಮೇಲೆ. ಸಾಲ ಹನುಮಂತನ ಬಾಲವಾಯಿತು.

ಬಿಟ್ಟು ಬೇರೆ ಕಡೆ ಹೋಗೋಣವೆಂದರೆ ಲೈಸೆನ್ಸ್ ಅವನ ತಿಜೋರಿಯಲ್ಲಿ. ತಾರಿಹಾಳದ ಅವನ ಲಾರಿ ಯಾರ್ಡಿನ ಪದ್ಧತಿಯೇ ಅದು. ಲೋಡ್ ಹೊರಡುವಾಗ ಲೈಸೆನ್ಸ್ ಕೈಗೆ ಕೊಡುವುದು, ಲಾರಿ ಮರಳಿ ಬಂದ ಕೂಡಲೇ ಇಸಿದುಕೊಂಡು ಒಳಗಿಡುವುದು. ಅಲ್ಲಿನ ಆರೂ ಡ್ರೈವರುಗಳ ಕಾರ್ಡುಗಳು ಒಂದು ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿಕೊಂಡು ಬಿದ್ದಿರುತ್ತಿದ್ದವು. ಯಾರ ಸಲುವಾಗಿ ಮುಂಗಡ ತಂದೆವೋ ಆ ಅತ್ತೆಯೇ ತೀರಿಕೊಂಡಾಗಲೂ ಅವನು ಫೋನಿನಲ್ಲಿ, ಮೊದಲು ಲೋಡ್ ಇಳಿಸಿ ಬಾ ಅಂದ. ನಮ್ಮವರು ಮೂರನೇ ದಿನ ಬಂದರು. ಬಂದವರೇ ಬಚ್ಚಲಿಗೆ ಹೋಗಿ ಸ್ನಾನ ಮಾಡಿ ಬಂದು ಕೂತರು.

ಕಳೆದ ಮೇ ತಿಂಗಳ ಕೊನೆಗೆ ಬೈರಿದೇವರಕೊಪ್ಪದ ಒಂದು ಶಾಲೆಗೆ ಬಸ್ ಡ್ರೈವರ್ ಬೇಕಾಗಿದ್ದ. ನನ್ನ ಹತ್ತಿರ ಬ್ಲೌಸ್ ಹೊಲಿಸುವ ಟೀಚರ್ ಒಬ್ಬರು ಸುದ್ದಿ ತಂದರು. "ಸೋಮವಾರ ಮುಂಜಾನೆ ಲೈಸೆನ್ಸ್ ತಗೊಂಡು ಬರಾಕ ಹೇಳ್ರಿ. ಅವತ್ತು ತಪ್ಪಿದ್ರ ಬ್ಯಾರೇದವರನ್ನ ತಗೋತಾರ." ಮುಂಜಾನೆ ಮಕ್ಕಳನ್ನು ಬಿಟ್ಟರೆ ಮಧ್ಯಾಹ್ನ ಮನೆಯಲ್ಲಿ ಊಟ, ಸಂಜೆ ಇನ್ನೊಂದು ಟ್ರಿಪ್, ಆಮೇಲೆ ಮನೆಯೇ! ಇಂಥ ಕೆಲಸ ಜಗತ್ತಿನಲ್ಲಿ ಇದೆಯೆಂದೇ ನನಗೆ ಮರೆತುಹೋಗಿತ್ತು.

ಶುಕ್ರವಾರ ಲಾರಿ ಗ್ಯಾರೇಜಿನಲ್ಲಿತ್ತು, ಇವರು ಮನೆಯಲ್ಲಿದ್ದರು. ನಾನೇ ಯಾರ್ಡಿಗೆ ಹೋದೆ.

"ಬರ್ರಿ ವೈನಿ, ಚಾ ಕುಡೀರಿ" ಅಂದ ಮಾಲೀಕ.

"ಚಾ ಬ್ಯಾಡ್ರಿ. ಲೈಸೆನ್ಸ್ ಕೊಡ್ರಿ."

"ಅದು ಎಲ್ಲಿಗೂ ಓಡಿ ಹೋಗಂಗಿಲ್ರಿ. ಬ್ಯಾಂಕಿನ್ಯಾಗ ಇಟ್ಟಂಗ ಐತಿ. ಸಾಲ ಹರೀಲಿ, ನಾನೇ ಮನೀಗೆ ತಂದು ಕೊಡ್ತೇನಿ."

"ಯಾವಾಗ ಹರೀತೈತ್ರಿ ಅದು?"

"ದೇವರು ಮನಸ್ಸು ಮಾಡಿದಾಗ" ಅಂದು ಅಡಕೆ ಕತ್ತರಿಸತೊಡಗಿದ.

ನನಗೆ ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ಅಡಕೆ ಕತ್ತರಿಸುತ್ತಲೇ ಇದ್ದ. ಬಡವನ ಕೋಪ ದವಡೆಗೆ ಮೂಲ ಅನ್ನುತ್ತಾರಲ್ಲ, ಹಾಗೆ ನನ್ನ ದವಡೆಯನ್ನೇ ನೋಯಿಸಿಕೊಂಡು ಮನೆಗೆ ಬಂದೆ.

ನಮ್ಮ ಕಮರಿಪೇಟೆಯ ಝೆರಾಕ್ಸ್ ಅಂಗಡಿಯವನು ಒಂದು ಉಪಾಯ ಹೇಳಿದ. ಲೈಸೆನ್ಸ್ ಕಳೆದಿದೆ ಎಂದು ಪೊಲೀಸ್ ಠಾಣೆಯಲ್ಲಿ ಬರೆದುಕೊಟ್ಟರೆ ಇನ್ನೊಂದು ಪ್ರತಿ ತೆಗೆಸಬಹುದಂತೆ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ! ಅವತ್ತು ಇಡೀ ಸಂಜೆ ನಮ್ಮವರಿಗೆ ಪಾಠ ಮಾಡಿದೆ: ಬಸ್ ಇಳಿಯುವಾಗ ಕಿಸೆಯಿಂದ ಬಿತ್ತು, ಎಷ್ಟು ಹುಡುಕಿದರೂ ಸಿಗಲಿಲ್ಲ. ಅವರು ಒಂದನೇ ಇಯತ್ತೆಯ ಹುಡುಗನಂತೆ ಹತ್ತು ಸಲ ಒಪ್ಪಿಸಿದರು.

ಶನಿವಾರ ಠಾಣೆಗೆ ಹೋದೆವು. ಟೇಬಲ್ಲಿನ ಹಿಂದೆ ಕನ್ನಡಕ ಹಾಕಿಕೊಂಡ ಹೆಡ್ ಕಾನ್‌ಸ್ಟೆಬಲ್ ಮೇಡಂ ಕೂತಿದ್ದರು.

"ಎಲ್ಲಿ ಕಳೀತ್ರಿ?" ಅಂದರು.

ನಮ್ಮವರು ಬಾಯಿ ತೆರೆದರು, ಮುಚ್ಚಿದರು. ನಾನು ಮೊಣಕೈಗೆ ಚಿವುಟಿದೆ.

"ಕಳದಿಲ್ರಿ ಮೇಡಂ. ನಮ್ಮ ಮಾಲಕರ ತಿಜೋರ್ಯಾಗ ಐತ್ರಿ" ಅಂದುಬಿಟ್ಟರು ಇವರು.

ಅಯ್ಯ ನನ್ನ ಕರ್ಮವೇ! ಮೇಡಂ ಪೆನ್ನು ಕೆಳಗಿಟ್ಟರು. "ಮತ್ತ ಕಳದೈತಿ ಅಂತ ಯಾಕ ಬಂದೀರಿ?"

"ನಮ್ಮ ಮನ್ಯಾಕಿ ಹಂಗ ಹೇಳು ಅಂದಾಳ್ರಿ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮೇಡಂ ಕನ್ನಡಕದ ಮೇಲಿಂದ ನನ್ನನ್ನೊಮ್ಮೆ ನೋಡಿ, ಇವರಿಗೆ ಕುರ್ಚಿ ತೋರಿಸಿದರು. "ಕೂಡ್ರಿ. ಮೊದಲಿಂದ ಹೇಳ್ರಿ."

ಅವರು ಹೇಳಿದರು. ಮನೆಯಲ್ಲಿ ದಿನಕ್ಕೆ ನಾಲ್ಕು ಮಾತು ಆಡದ ಮನುಷ್ಯ ಅರ್ಧ ತಾಸು ಹೇಳಿದರು. ಟೈರು, ಸಿಮೆಂಟು, ಖಾಲಿ ಕಾಗದದ ಮೇಲೆ ಹಾಕಿಸಿಕೊಂಡ ಸಹಿಗಳು. "ಅವ್ವನ ಮಾರಿ ನೋಡಾಕ ಬಿಡಲಿಲ್ರಿ" ಅನ್ನುವಾಗ ದನಿ ಒಡೆಯಿತು. ಇವರಿಗೆ ಸಿಟ್ಟೇ ಬರುವುದಿಲ್ಲ ಎಂದು ಏಳು ವರ್ಷ ಬೈದುಕೊಂಡು ಬದುಕಿದವಳು ನಾನು. ಅವತ್ತು ನನಗೆ ನನ್ನ ಮೇಲೆಯೇ ನಾಚಿಕೆಯಾಯಿತು.

ಮೇಡಂ ಮಾಲೀಕನಿಗೆ ಫೋನ್ ಹಚ್ಚಿದರು. "ಇನ್ನೊಬ್ಬರ ಲೈಸೆನ್ಸ್ ನಿಮ್ಮ ತಿಜೋರ್ಯಾಗ ಯಾಕ ಐತ್ರಿ?" ಆ ಕಡೆಯಿಂದ ಸಾಲ, ಸಾಲ ಎಂಬ ಮಾತಷ್ಟೇ ನಮಗೆ ಕೇಳಿಸಿತು. "ಸಾಲ ಇದ್ರ ಕಾಗದ ತಗೊಂಡು ನೀವೇ ಬರ್ರಿ. ಏಳು ವರ್ಷ ದುಡಿಸ್ಕೊಂಡ ಲೆಕ್ಕಾನೂ ತರ್ರಿ. ಸಾಲಕ್ಕ ಮನಷ್ಯಾನ್ನ ಹಿಡಿದಿಟ್ಕೊಂಡ್ರ ಕೇಸ್ ಆಗ್ತೈತಿ. ಮೊದಲು ಲೈಸೆನ್ಸ್ ಕಳಸ್ರಿ."

ಮುಕ್ಕಾಲು ತಾಸಿನಲ್ಲಿ ಅವನ ಗುಮಾಸ್ತ ಬೈಕಿನ ಮೇಲೆ ಬಂದು ಲೈಸೆನ್ಸ್ ಇದ್ದ ಒಂದು ಲಕೋಟೆ ಇಟ್ಟು ಹೋದ. ಮಾಲೀಕ ಬರಲಿಲ್ಲ. ಕಾಗದ ತೋರಿಸಿದರೆ ಸಿಕ್ಕಿಬೀಳುವವನು ತಾನೇ ಎಂದು ಅವನಿಗೆ ಗೊತ್ತಿತ್ತು. ಇವತ್ತಿನವರೆಗೂ ಬಂದಿಲ್ಲ.

ಹೊರಗೆ ಬಂದ ಮೇಲೆ, "ದೊಡ್ಡ ಹರಿಶ್ಚಂದ್ರನ ಮೊಮ್ಮಗ! ಹೆಂಡ್ತಿ ಮ್ಯಾಲೆ ಹಾಕ್ತೀರೇನ್ರಿ?" ಎಂದು ಬೈಯಲು ಶುರುಮಾಡಿದೆ. ಬೈಯುತ್ತ ಬೈಯುತ್ತ ನಗು ಬಂತು, ನಗುತ್ತ ನಗುತ್ತ ಅಳು ಬಂತು. ಠಾಣೆಯ ಕಂಪೌಂಡ್ ಗೋಡೆ ಹಿಡಿದು ನಿಂತು ಅತ್ತುಬಿಟ್ಟೆ. ಅವರು ಏನು ಮಾಡಬೇಕೆಂದು ತಿಳಿಯದೆ, "ಗಿರಮಿಟ್ ತಿನ್ನೂನೇನ?" ಅಂದರು. ಇಬ್ಬರೂ ಎರಡೆರಡು ಪ್ಲೇಟ್ ತಿಂದೆವು.

ಸೋಮವಾರ ಅವರು ಬಸ್ ಕೆಲಸಕ್ಕೆ ಸೇರಿದರು. ಮನೆ ಮುಂದೆ ಬೈಕ್ ನಿಂತ ಸಪ್ಪಳವಾದರೆ ಕೆಲವು ದಿನ ಮಾಲೀಕ ಯಾರನ್ನೋ ಕಳಿಸಿದ್ದಾನೆಂದು ಎದ್ದು ಚಿಲಕ ಹಾಕುತ್ತಿದ್ದೆ. ಬರಬರುತ್ತ ಅದೂ ನಿಂತಿತು.

ಹೀಗೆಯೇ ಒಂದು ಮಧ್ಯಾಹ್ನ, ಇವರು ಊಟ ಮಾಡಿ ಗೊರಕೆ ಹೊಡೆಯುತ್ತಿದ್ದರು, ನಾನು ಮಷಿನ್ ತುಳಿಯುತ್ತಿದ್ದೆ. ಅದೇ ಯಾರ್ಡಿನ ಇನ್ನೊಬ್ಬ ಡ್ರೈವರನ ಹೆಂಡತಿ ಬಾಗಿಲಲ್ಲಿ ಬಂದು ನಿಂತಳು. ಮಲಗಿದ್ದ ಇವರನ್ನೇ ನೋಡತೊಡಗಿದಳು.

"ಅಣ್ಣಾರು ಹಗಲೊತ್ತಿನ್ಯಾಗ ಮನ್ಯಾಗ ಇರ್ತಾರೇನ್ರಿ ಅಕ್ಕಾರ?"

"ದಿನಾ ಇರ್ತಾರವ್ವ" ಅಂದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ನಮ್ಮವರದೂ ಅಲ್ಲೇ ಐತ್ರಿ, ಒಂಬತ್ತು ವರ್ಷ ಆತು. ಠಾಣೇಕ ಹೋಗಿ ಖರೇ ಹೇಳಿದ್ರ ಸಾಕೇನ್ರಿ?"

ಸಾಕು ಅನ್ನಲು ನನಗೆ ಧೈರ್ಯ ಬರಲಿಲ್ಲ. ಮಷಿನ್ ನಿಲ್ಲಿಸಿ ಚಪ್ಪಲಿ ಮೆಟ್ಟಿಕೊಂಡೆ.

"ನಡೀ, ನಾನೂ ಬರ್ತೇನಿ."