ಬೆಲ್ಲಕ್ಕೆ ತುಳಸಿ ನೀರು

ಆ ಬೆಳಿಗ್ಗೆ ತುಳಸಿ ನೀರಿನ ಚಮಚ ಯಾರ ಕೈಯಲ್ಲಿತ್ತು ಎಂಬುದನ್ನು ನಾನು ಖಚಿತವಾಗಿ ಹೇಳಲಾರೆ. ನನ್ನ ನೆನಪಿನಲ್ಲಿ ಅದು ಅತ್ತೆಯ ಕೈಯಲ್ಲಿದೆ. ನನ್ನ ಹೆಂಡತಿ ಶೋಭಾಳ ನೆನಪಿನಲ್ಲಿ ನನ್ನ ಕೈಯಲ್ಲಿದೆ. ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಓದಿ, ಸಾಕ್ಷ್ಯವಿಲ್ಲದೆ ಏನನ್ನೂ ನಂಬಬಾರದೆಂದು ಕಲಿತವನು ಸಾಯುವ ಇಲಿಯ ಬಾಯಿಗೆ ತುಳಸಿ ನೀರು ಬಿಟ್ಟಿರಲು ಸಾಧ್ಯವೇ? ಸಾಧ್ಯವಿಲ್ಲ ಎನ್ನುತ್ತದೆ ತರ್ಕ. ಆದರೆ ಅವತ್ತು ಅಲ್ಲಿದ್ದದ್ದು ತರ್ಕವಲ್ಲ, ಶೋಭಾ.

ಇಲಿ ಎಂದರೆ ಅಟ್ಟದ ಮೇಲೆ ಓಡಾಡುವ ಇಲಿಯಲ್ಲ. ಚನ್ನಗಿರಿಯ ನಮ್ಮ ಮನೆಯಲ್ಲಿ ಟೀವಿಯ ಪಕ್ಕ ದೊಡ್ಡ ಪಂಜರದಲ್ಲಿ ವಾಸಿಸುವ ಬಿಳಿ ಸಾಕು ಇಲಿ. ಹೆಸರು ಬೆಲ್ಲ. ಜೊತೆಗಾತಿಯ ಹೆಸರು ಪುಟಾಣಿ. ಶೋಭಾ ಆಸೆಪಟ್ಟು ತಂದವು. ಎರಡೂ ಹೆಣ್ಣು; ಇಲ್ಲದಿದ್ದರೆ ಇಷ್ಟು ಹೊತ್ತಿಗೆ ಮನೆ ಅವರದಾಗಿ, ಪಂಜರ ನಮ್ಮದಾಗಿರುತ್ತಿತ್ತು. ಮೊದಲು ವಿರೋಧಿಸಿದವನು ನಾನೇ. ಆಮೇಲೆ ಅವುಗಳ ಸುಖದ ಖಾತೆ ವಹಿಸಿಕೊಂಡವನೂ ನಾನೇ.

ಇಲಿಯನ್ನು ಸುಖವಾಗಿಡುವುದು ಮನುಷ್ಯನನ್ನು ಸುಖವಾಗಿಡುವುದಕ್ಕಿಂತ ಸುಲಭ, ಏಕೆಂದರೆ ಅದು ಪಕ್ಕದ ಮನೆಯ ಇಲಿಯ ಜೊತೆ ಹೋಲಿಸಿಕೊಳ್ಳುವುದಿಲ್ಲ. ಜೀವನವಿಡೀ ಹಲ್ಲು ಬೆಳೆಯುವುದರಿಂದ ಕಡಿಯಲು ಒಂದು ಮರದ ತುಂಡು ಬೇಕು. ಬಚ್ಚಿಟ್ಟುಕೊಳ್ಳಲು ರಟ್ಟಿನ ಡಬ್ಬಿ ಬೇಕು. ಮಲಗಲು ನನ್ನ ಹಳೆಯ ಪಂಚೆ ಹರಿದು ನಾಲ್ಕು ಮೂಲೆ ಕಟ್ಟಿ ಜೋಲಿ ಮಾಡಿದೆ. ಖಾರ ಹಾಕದ ಮಂಡಕ್ಕಿ ಕೊಟ್ಟರೆ ಎರಡೂ ಕೈಯಲ್ಲಿ ಹಿಡಿದು, ಮದುವೆ ಮನೆಯ ಹಿರಿಯರಂತೆ ನಿಧಾನವಾಗಿ ತಿನ್ನುತ್ತವೆ. ಹೊಗೆ ಮಾತ್ರ ಆಗದು. ಹಾಗಾಗಿ ದೇವರ ಊದುಬತ್ತಿಯನ್ನು ಹಿತ್ತಿಲಿಗೆ ವರ್ಗ ಮಾಡಿದೆ. ದೇವರು ಆಕ್ಷೇಪಿಸಲಿಲ್ಲ, ಸವಳಂಗದಿಂದ ಬಂದಿದ್ದ ಅತ್ತೆ ಆಕ್ಷೇಪಿಸಿದರು.

"ವಾಹನಕ್ಕೇ ಊದುಬತ್ತಿ ಆಗಲ್ಲ ಅಂದ್ರೆ ಮೇಲೆ ಕುಂತ ಗಣಪ ಹೆಂಗೆ ತಡ್ಕಂಡಾನ್ರೀ, ಅಳಿಯಂದ್ರೇ?"

ಅತ್ತೆಗೆ ಇಲಿಗಳ ಮೇಲೆ ದ್ವೇಷವೇನಿಲ್ಲ. ಗಣಪತಿ ಹಬ್ಬದ ಮಾರನೆಯ ದಿನ ತಮ್ಮ ಮನೆಯ ಮೂಲೆಯಲ್ಲಿ ಇಲಿಗೆಂದೇ ಎಡೆ ಇಡುತ್ತಾರೆ. ಅದರ ಮಾರನೆಯ ದಿನ ಅದೇ ಮೂಲೆಯಲ್ಲಿ ಬೋನು ಇಡುತ್ತಾರೆ. ಇದರಲ್ಲಿ ಅಸಂಗತವಾದದ್ದೇನೋ ಇದೆ ಎಂದು ನನಗೆ ಮಾತ್ರ ಅನಿಸಿದೆ. ಇಲಿಗಳಿಗೂ ಅನಿಸಿದಂತಿಲ್ಲ, ಅವು ಎಡೆಯನ್ನೂ ತಿನ್ನುತ್ತವೆ, ಬೋನಿಗೂ ಬೀಳುತ್ತವೆ.

ಅತ್ತೆ ನಮ್ಮಲ್ಲಿ ಇದ್ದಾಗಲೇ ಪುಟಾಣಿ ಮುಪ್ಪಿನಿಂದ ಸತ್ತಳು. ಬೆಲ್ಲ ಪಂಜರದ ಮೂಲೆ ಸೇರಿ, ಬೆನ್ನು ಗೂನು ಮಾಡಿಕೊಂಡು ಕುಳಿತಳು. ಮಂಡಕ್ಕಿ ಮುಟ್ಟಲಿಲ್ಲ. ಅವಳನ್ನು ನೋಡುತ್ತ ಶೋಭಾಳೂ ಊಟ ಅರ್ಧಕ್ಕೇ ಬಿಡತೊಡಗಿದಳು. ಇಲಿ ಒಂಟಿಯಾಗಿ ಬಾಳುವ ಪ್ರಾಣಿಯಲ್ಲ ಎಂದು ಓದಿದ್ದೆ. ಬೆಲ್ಲ ಹೀಗೇ ಇದ್ದರೆ ಉಳಿಯುವುದಿಲ್ಲ ಎಂದು ಹೆದರಿ ಹೊನ್ನಾಳಿಯ ಗೆಳೆಯನ ಮನೆಗೆ ಹೋಗಿ, ಅವನಲ್ಲಿದ್ದ ಒಂದು ಎಳೆಯ ಹೆಣ್ಣಿಲಿಯನ್ನು ತಂದೆ. ಬಸ್ಸಿನಲ್ಲಿ ಪಕ್ಕದವರು ತೂತಿನ ಡಬ್ಬಿ ನೋಡಿ, "ಏನೈತ್ರೀ ಒಳಗೆ?" ಎಂದರು. "ನಮ್ಮನೆಯವಳಿಗೆ ಔಷಧಿ," ಎಂದೆ. ಅದು ಸುಳ್ಳೆಂದು ಈಗಲೂ ಅನಿಸುವುದಿಲ್ಲ.

ಹೊಸಬಳನ್ನು ನೇರ ಪಂಜರಕ್ಕೆ ಬಿಟ್ಟರೆ ಕಾದಾಟ. ಊರ ಜಗಳವನ್ನು ಮೂರನೆಯವರ ಕಟ್ಟೆಗೆ ಒಯ್ಯುವಂತೆ, ಇಬ್ಬರನ್ನೂ ಮಂಚದ ಮೇಲೆ ಬಿಟ್ಟೆ. ಮೂಸಿದರು, ಕಿರುಚಿದರು, ಮತ್ತೆ ಮೂಸಿದರು. ಸಂಜೆಯವರೆಗೆ ಹೀಗೇ ನಡೆದು, ಕೊನೆಗೆ ಎಳೆಯವಳು ಬೆಲ್ಲಳ ಹೊಟ್ಟೆಯಡಿ ತೂರಿಕೊಂಡಳು. ಆಮೇಲೆ ಇಬ್ಬರನ್ನೂ ಪಂಜರಕ್ಕೆ ಸೇರಿಸಿದೆ.

ಮರುದಿನ ಬೆಳಿಗ್ಗೆ ಅತ್ತೆಯ ಕೂಗು. "ಅಯ್ಯಯ್ಯೋ, ಬರ್ರೇ ಇಲ್ಲಿ! ಹಲ್ಲು ಕಡೀತೈತೆ, ಕಣ್ಣುಗುಡ್ಡೆ ಹೊರಗೆ ಬಂದಾವೆ! ಜೀವ ಹೋಗಾಕೆ ಹತ್ತೈತೆ. ಶೋಭಾ, ತುಳಸಿ ನೀರು ತಾರೇ!"

ಓಡಿ ಬಂದು ನೋಡಿದರೆ ನಿಜ. ಬೆಲ್ಲ ಜೋಲಿಯಲ್ಲಿ ಮೈಚೆಲ್ಲಿ ಮಲಗಿದ್ದಾಳೆ. ಹಲ್ಲು ಕರಕರ ಎನ್ನುತ್ತಿದೆ, ಕಣ್ಣು ಹೊರಗೆ ಒಳಗೆ ಕುಣಿಯುತ್ತಿದೆ. ಎಳೆಯವಳು ಅವಳ ಕುತ್ತಿಗೆಯ ಕೂದಲು ನೆಕ್ಕುತ್ತಿದ್ದಾಳೆ. ಶೋಭಾ ಅಳುತ್ತ, "ರೀ, ನಿಂತ್ಕಂಡು ಏನ್ ನೋಡ್ತೀರಿ? ಬಾಯಿಗೆ ಬಿಡ್ರಿ!" ಎಂದಳು. "ಮೊದಲು ಡಾಕ್ಟರಿಗೆ ತೋರಿಸೋಣ," ಎಂದು ನಾನು ಹೇಳಿದ ನೆನಪು. ನಾನು ಹೇಳಿದ್ದು "ಇನ್ನೊಂದು ತುಳಸಿ ಎಲೆ ಹಾಕು" ಎಂದು, ಇದು ಶೋಭಾಳ ಹೇಳಿಕೆ.

ಚಮಚ ಯಾರದೇ ಕೈಯಲ್ಲಿರಲಿ, ನೀರು ತಾಗಿದ್ದೇ ತಡ ಬೆಲ್ಲ ಎದ್ದು ಕುಳಿತಳು. ನಿದ್ದೆ ಕೆಡಿಸಿದವರನ್ನು ನೋಡುವಂತೆ ನಮ್ಮನ್ನು ನೋಡಿದಳು. ಎರಡೂ ಕೈಯಿಂದ ಮುಖ ಒರೆಸಿಕೊಂಡಳು. ತುಳಸಿ ಎಲೆಯನ್ನು ಕಚಕಚನೆ ತಿಂದು, ಎಳೆಯವಳ ಮುಂದಿದ್ದ ಮಂಡಕ್ಕಿಯನ್ನೂ ಕಸಿದುಕೊಂಡಳು.

"ನೋಡಿದ್ರಾ ತುಳಸಮ್ಮನ ಮಹಿಮೆ?" ಎಂದರು ಅತ್ತೆ.

"ಜೊತೆ ಸಿಕ್ಕ ಮಹಿಮೆ," ಎಂದೆ ನಾನು.

"ಯಾವುದಾದ್ರೂ ಆಗ್ಲಿ, ತಟ್ಟೆ ಹಾಕ್ತೀನಿ ಬರ್ರಿ," ಎಂದಳು ಶೋಭಾ. ಅವತ್ತು ಅವಳು ಎರಡನೆಯ ಸಲ ಅನ್ನ ಬಡಿಸಿಕೊಂಡಳು. ಇದು ನನಗೆ ಸ್ಪಷ್ಟವಾಗಿ ನೆನಪಿದೆ. ಆದರೆ ನನ್ನ ಸ್ಪಷ್ಟ ನೆನಪುಗಳ ಮೇಲೆಯೇ ನನಗೆ ಹೆಚ್ಚು ಅನುಮಾನ.

ಆದ್ದರಿಂದ ಒಂದೇ ಒಂದು ಸಂಗತಿಯನ್ನು ಪುಸ್ತಕದಲ್ಲಿ ಹುಡುಕಿ, ಪಶುವೈದ್ಯರನ್ನೂ ಕೇಳಿ ಖಚಿತಪಡಿಸಿಕೊಂಡೆ. ನೋವಿದ್ದಾಗಲೂ ಇಲಿ ಹಲ್ಲು ಕಡಿಯುವುದುಂಟು. ಆದರೆ ಮೈ ಸಡಿಲ ಬಿಟ್ಟು ಮಲಗಿ, ಮೆಲ್ಲಗೆ ಹಲ್ಲು ಮಸೆಯುತ್ತ ಕಣ್ಣು ಕುಣಿಸುತ್ತಿದ್ದರೆ ಅದಕ್ಕೆ ಪರಮ ಸುಖವಾಗಿದೆ ಎಂದೇ ಅರ್ಥ.