ಸುಮಿತ್ರಾ ಅಕ್ಕಾರ ಟೇಪು

ಸುಮಿತ್ರಾ ಅಕ್ಕಾರ, ನಿಮ್ಮ ಟೇಪನ್ನು ಅಳಿಸಿದವನು ನಾನು. ನೀವಲ್ಲ. ಯಂತ್ರವೂ ಅಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ಪುಣೆಯ ಆ ಗಣಕಕೇಂದ್ರದಲ್ಲಿ ನಾನು ಆಪರೇಟರ್. ಸಂಪಗಾಂವದವನು ಎಂಬ ಒಂದೇ ಕಾರಣಕ್ಕೆ ಮುನವಳ್ಳಿಯ ನೀವು ನನ್ನನ್ನು ನಂಬಿದಿರಿ. ಬೈಲಹೊಂಗಲ, ಸವದತ್ತಿ, ರಾಮದುರ್ಗದ ಊರೂರು ತಿರುಗಿ, ಬಾವಿಬಾವಿಗೆ ಹಗ್ಗ ಇಳಿಬಿಟ್ಟು ಎರಡು ವರ್ಷ ಅಳೆದ ನೀರಿನ ಮಟ್ಟ — ನಿಮ್ಮ ಪಿಎಚ್.ಡಿ. ಪೂರ್ತಿ — ಗಣಕದ ಆ ಒಂದು ಮ್ಯಾಗ್ನೆಟಿಕ್ ಟೇಪಿನಲ್ಲಿ ದಾಖಲಾಗಿತ್ತು.

ಕೇಂದ್ರದಲ್ಲಿದ್ದದ್ದು ಒಂದೇ ದೊಡ್ಡ ಗಣಕ. ಅದರೊಳಗೆ ಹಲವು ತೋರಿಕೆಯ ಯಂತ್ರಗಳು. ಪ್ರತಿಯೊಬ್ಬರಿಗೂ ಇಡೀ ಗಣಕ ತಮ್ಮದೇ ಎನ್ನಿಸುವಂತೆ. ಆದರೆ ಟೇಪ್ ಓಡಿಸುವ ಡ್ರೈವ್‌ಗಳು ತೋರಿಕೆಯವಲ್ಲ, ನಿಜವಾದ ಕಬ್ಬಿಣ. ಯಾವ ಡ್ರೈವ್ ಯಾರ ಯಂತ್ರಕ್ಕೆ ಎಂದು ಜೋಡಿಸುವುದು ನನ್ನ ಕೆಲಸ. ಒಬ್ಬರಿಂದ ಬಿಡಿಸಿ ಇನ್ನೊಬ್ಬರಿಗೆ ಕೊಡುವ ಮುಂಚೆ ಎದ್ದು ಹೋಗಿ, ಅದರಲ್ಲಿ ಯಾರ ಟೇಪಿದೆ ಎಂದು ನೋಡಿ, ಇಳಿಸಬೇಕು. ಹತ್ತು ಹೆಜ್ಜೆ — ಅಷ್ಟೇ.

ಆ ಮಧ್ಯಾಹ್ನ ನೀವು ಊಟಕ್ಕೆ ಹೋಗಿದ್ದಿರಿ. ಬೇರೊಂದು ಪ್ರೋಗ್ರಾಂ ಪರೀಕ್ಷಿಸುತ್ತಿದ್ದವರು ಡ್ರೈವ್ ಬೇಕೆಂದು ಅವಸರ ಮಾಡಿದರು. ನಾನು ಏಳಲಿಲ್ಲ. ಸೋಮಾರಿತನ, ಮತ್ತೇನಲ್ಲ. ಕೂತಲ್ಲಿಂದಲೇ ನಿಮ್ಮ ಡ್ರೈವ್ ಬಿಡಿಸಿ ಅವರ ಯಂತ್ರಕ್ಕೆ ಕೊಟ್ಟೆ. ಅವರ ಪ್ರೋಗ್ರಾಂ ನಿಮ್ಮ ಟೇಪಿನ ಮೇಲೆ ಮೊದಲಿನಿಂದ ಕೊನೆಯವರೆಗೆ ಬರೆಯಿತು.

ಅದು ತಪ್ಪು. ನೀಚತನ ಆಮೇಲಿನದು. ನಾನು ಕೂತಲ್ಲಿ ಟೈಪಿಸಿದ ಆಜ್ಞೆ ಕನ್ಸೋಲಿನ ಕಾಗದದ ಮೇಲೆ ಅಚ್ಚಾಗಿತ್ತು. ಅದನ್ನು ಹರಿದು ಜೇಬಿಗಿಟ್ಟೆ. ಕೇಂದ್ರದ ಮುಖ್ಯಸ್ಥರು, ನಮ್ಮ ಸಾಹೇಬರು, ಬಂದವರೇ, ಹೆಂಗಸಿಗೆ ಯಂತ್ರ ತಿಳಿಯುವುದಿಲ್ಲ, ತಾನೇ ಅಳಿಸಿಕೊಂಡಿದ್ದಾಳೆ ಎಂದು ತೀರ್ಮಾನಿಸಿಬಿಟ್ಟರು. ಕಾಗದ ಎಲ್ಲಿ ಎಂದು ಕೂಡ ಕೇಳಲಿಲ್ಲ ಆ ಮನುಷ್ಯ. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ — ಅವರ ಮೇಲೆ ಸಿಟ್ಟಾಗಲು ನನಗೇನು ಹಕ್ಕು —

ನೀವು ನನ್ನ ಕಡೆ ತಿರುಗಿದಿರಿ. "ನೀವು ನಮ್ಮ ಕಡಿಯವರ ಅದೀರಿ. ನೀವರೆ ಖರೇ ಹೇಳ್ರಿ."

"ನಾ ಏನೂ ನೋಡಿಲ್ರಿ," ಎಂದೆ.

ಅವತ್ತೇ ನಿಮಗೆ ಕೇಂದ್ರದ ಬಾಗಿಲು ಮುಚ್ಚಿತು. ಅಳತೆ ಬರೆದಿಟ್ಟ ವಹಿಗಳಿದ್ದವು; ಅದನ್ನು ಮತ್ತೆ ಟೇಪಿಗೇರಿಸಲು ಯಂತ್ರ ಸಿಗಲಿಲ್ಲ. ನೀವು ಪಿಎಚ್.ಡಿ. ಕೈಬಿಟ್ಟು ಸವದತ್ತಿಯ ಶಾಲೆಯಲ್ಲಿ ಗಣಿತ ಕಲಿಸಲು ಹೋದಿರಿ. ನಾನು ಮುಖ್ಯ ಆಪರೇಟರ್ ಆದೆ. ಡ್ರೈವ್ ಕೊಡುವ ಮುಂಚೆ ಎದ್ದು ನೋಡಿರಪ್ಪ ಎಂದು ಹೊಸಬರಿಗೆ ಪಾಠ ಹೇಳಿದೆ. ಥೂ.

ವರ್ಷಗಳ ನಂತರ ಬೈಲಹೊಂಗಲ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕು, ನಮ್ಮ ಅವ್ವನ ಆರೋಗ್ಯ ವಿಚಾರಿಸಿದಿರಿ. ಆಗಲಾದರೂ ಹೇಳಬಹುದಿತ್ತು. ಕಿತ್ತೂರಿನ ಬಸ್ಸು ಬಂತೆಂದು ಸುಳ್ಳು ಹೇಳಿ ಓಡಿದೆ.

ಸಾಹೇಬರು ಈಗಿಲ್ಲ. ಕೇಂದ್ರ ಇದೆ. ಈ ಪತ್ರದ ಒಂದು ಪ್ರತಿಯನ್ನು ಸಹಿ ಹಾಕಿ ಅಲ್ಲಿಗೆ ಕಳಿಸಿದ್ದೇನೆ. ನಿಮ್ಮದನ್ನು ಅಂಚೆಗೆ ಹಾಕುವುದಿಲ್ಲ. ಸೋಮವಾರ ಸವದತ್ತಿಗೆ ನಾನೇ ತರುತ್ತೇನೆ. ನೀವು ಓದಿ ಮುಗಿಸುವವರೆಗೆ ಎದುರಿಗೇ ನಿಂತಿರುತ್ತೇನೆ.