ಬಂಗಾರಕ್ಕ ಹೊಲಿಯದ ಪ್ಯಾಂಟು

ನಿಂತವರ ಅಳತೆಯನ್ನು ಬಂಗಾರಕ್ಕ ತೆಗೆಯುತ್ತಲೇ ಇರಲಿಲ್ಲ. ಸಿದ್ದಾಪುರ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವಳದೊಂದು ಹೊಲಿಗೆ ಅಂಗಡಿ. ಪ್ಯಾಂಟು ಹೊಲಿಸಲು ಬಂದವರು ಲೈನ್‌ಮನ್ ಇರಲಿ, ಕಾಲೇಜಿನ ಮಾಸ್ತರ ಇರಲಿ, ಮೊದಲು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂರಬೇಕಿತ್ತು. ಆಮೇಲೆಯೇ ಅವಳ ಕುತ್ತಿಗೆಯಿಂದ ಟೇಪು ಇಳಿಯುತ್ತಿದ್ದದ್ದು. ಗಂಡಸರಾದರೆ ಟೇಪಿನ ಒಂದು ತುದಿಯನ್ನು ಅವರ ಕೈಗೇ ಕೊಟ್ಟು, "ಸಮಾ ಹಿಡ್ಕ, ಸುಳ್ಳು ಅಳತೆ ಕೊಟ್ರೆ ಹರಿಯೂದು ನಿಂದೇ" ಎಂದು ಗದರುತ್ತಿದ್ದಳು.

"ನಿಂತಾಗ ಎಲ್ಲಾರ ಪ್ಯಾಂಟೂ ಚಂದವೇ ಮಾರಾಯ್ತಿ. ಕೂತಾಗ ಹ್ಯಾಂಗಾಗ್ತದೆ ಹೇಳು. ಕೆಲ್ಸ ಎಲ್ಲಾ ಕೂತು, ಬಗ್ಗಿ, ಹತ್ತಿ ಮಾಡೂದು. ಮದುವೆಮನೆ ಬಾಗ್ಲಲ್ಲಿ ನಿಲ್ಲೂಕೆ ಪ್ಯಾಂಟ್ ಬೇಕಾದ್ರೆ ಬೇರೆ ಅಂಗಡಿ ನೋಡ್ಕ."

ಅಷ್ಟಕ್ಕೇ ಬಿಡುತ್ತಿರಲಿಲ್ಲ. ಅಂಗಡಿಯ ಪಕ್ಕದ ಸಂದಿಯಲ್ಲಿ ಎರಡು ಕಂಬ ಹುಗಿದು, ನಮ್ಮ ಕಡೆ ಬೇಲಿಯ ಬಾಯಿಗೆ ಹಾಕುವಂಥ ದಣಪೆ ಮಾಡಿಸಿದ್ದಳು. ಅಡ್ಡಡ್ಡ ತೂರಿಸಿದ ಮೂರು ಬಿದಿರು, ಅಷ್ಟೆ. ಹೊಲಿದ ಪ್ಯಾಂಟು ಹಾಕಿಕೊಂಡು ಅದನ್ನು ಆಚೆಗೊಮ್ಮೆ ಈಚೆಗೊಮ್ಮೆ ಕಾಲೆತ್ತಿ ದಾಟಬೇಕು. ದಾಟುವಾಗ ಎಲ್ಲಾದರೂ ಬಿಗಿಯಿತೋ, ಅಲ್ಲೇ ಬಿಚ್ಚಿಸಿ ವಾಪಸು ಇಟ್ಟುಕೊಳ್ಳುತ್ತಿದ್ದಳು. ಒಮ್ಮೆ ಶಿರಸಿಯಿಂದ ಒಬ್ಬ ಎಂಜಿನಿಯರು ಚಾರಣಕ್ಕೆಂದು ಪ್ಯಾಂಟು ಹೊಲಿಸಲು ಬಂದಿದ್ದ. ದಣಪೆ ದಾಟುವುದಕ್ಕೆ ನಾಚಿಕೊಂಡ. "ಇಲ್ಲೇ ನಾಚ್ಕೆ ಆದ್ರೆ ಗುಡ್ಡ ಹ್ಯಾಂಗೆ ಹತ್ತೂದೋ ತಮ್ಮಾ?" ಎಂದು ಓಣಿಗೆಲ್ಲ ಕೇಳುವ ಹಾಗೆ ಕೇಳಿದಳು. ಪಾಪ, ದಾಟಿದ. ಅಂಗಡಿ ಮುಂದಿನ ಆಟೋದವರೆಲ್ಲ ಚಪ್ಪಾಳೆ ತಟ್ಟಿದರು.

ನಾನು ಅವಳ ಹತ್ತಿರ ಹೋದದ್ದು ಹರಿದ ಜೀನ್ಸು ಹಿಡಿದುಕೊಂಡು. ಹೆಗ್ಗರಣೆಯಿಂದಾಚೆಗಿನ ಒಂದು ರೆಸಾರ್ಟಿನಲ್ಲಿ ಆಗಷ್ಟೇ ಗೈಡ್ ಕೆಲಸಕ್ಕೆ ಸೇರಿದ್ದೆ. ಊರಿನ ಹೆಂಗಸರು ಆರು ಜನ ಇದ್ದೆವು. ಪ್ರವಾಸಿಗರನ್ನು ಜಲಪಾತಕ್ಕೆ, ಕಾಡಿನ ಕಾಲುದಾರಿಗೆ ಕರೆದುಕೊಂಡು ಹೋಗುವುದು ನಮ್ಮ ಕೆಲಸ. ಸೀರೆ ಉಟ್ಟು ಆ ಬಂಡೆ ಇಳಿಯುವುದು ಸಾಧ್ಯವಿಲ್ಲವೆಂದು ಶಿರಸಿಯ ದೊಡ್ಡ ಅಂಗಡಿಯಲ್ಲಿ ಹಿಗ್ಗುವ ಬಟ್ಟೆಯ ಕಪ್ಪು ಜೀನ್ಸು ತಂದಿದ್ದೆ. ಹದಿನೈದು ದಿನಕ್ಕೆ ಮೊಣಕಾಲು ಹೋಯಿತು.

ಬಂಗಾರಕ್ಕ ಅದನ್ನು ಸತ್ತ ಇಲಿಯನ್ನು ಎತ್ತುವ ಹಾಗೆ ಎರಡು ಬೆರಳಲ್ಲಿ ಎತ್ತಿದಳು. ಕಿಸೆಗೆ ಕೈ ಹಾಕಲು ನೋಡಿದಳು. ಕೈ ಹೋಗಲಿಲ್ಲ. ಕಿಸೆಯೇ ಇರಲಿಲ್ಲ, ಕಿಸೆ ಇದ್ದ ಹಾಗೆ ಕಾಣಲೆಂದು ಮೇಲೊಂದು ಹೊಲಿಗೆ ಎಳೆದಿದ್ದರು.

"ಅಯ್ಯೋ ಇವ್ನ ಮನೆ ಹಾಳಾಗ! ಕಿಸೆ ಅಂತ ಗೀಟು ಹಾಕಿ ಕೊಟ್ಟಾನಲ್ಲೇ! ಗಂಡಸ್ರಿಗೆ ನಾಕ್ ನಾಕ್ ಕಿಸೆ ಇಡ್ತಾರೆ, ಹೆಂಗಸ್ರು ಮೊಬೈಲು, ಕತ್ತಿ, ಕೀಲಿ ಎಲ್ಲಾ ತಲೆ ಮೇಲೆ ಹೊತ್ಕಬೇಕನಾ? ಮತ್ತೆ ಇದು ಕರಿ ಬಟ್ಟೆ. ಉಂಬಳ ಹತ್ತಿದ್ರೆ ಹ್ಯಾಂಗೆ ಕಾಣ್ತದೆ? ರಕ್ತ ಕುಡ್ದು ಅದು ದಪ್ಪ ಆದ್ಮೇಲೆ ಕಾಣ್ತದಾ? ಮಳೇಲಿ ಒಮ್ಮೆ ಒದ್ದೆ ಆದ್ರೆ ಮೂರು ದಿನ ಒಣಗೂದಿಲ್ಲ. ಎಂತ ನೋಡಿ ತಂದ್ಯೇ ನೀನು?"

ಕನ್ನಡಿ ನೋಡಿ ತಂದಿದ್ದೆ. 

ಅವಳು ಹೊಲಿದುಕೊಟ್ಟ ಪ್ಯಾಂಟು ನೋಡಲು ಏನೂ ಚಂದವಿರಲಿಲ್ಲ. ಒಣಹುಲ್ಲಿನ ಬಣ್ಣದ, ದಪ್ಪ ನೇಯ್ಗೆಯ ಹತ್ತಿಯ ಡ್ರಿಲ್ ಬಟ್ಟೆ. ಕತ್ತರಿಸುವ ಮೊದಲೇ ಎರಡು ಸಲ ನೀರಿಗೆ ಹಾಕಿ ಒಣಗಿಸುತ್ತಿದ್ದಳು. ಕುಗ್ಗುವುದೇನಿದ್ದರೂ ಹೊಲಿಯುವ ಮುಂಚೆಯೇ ಕುಗ್ಗಬೇಕು. ತೊಡೆ ಸಂದಿಯಲ್ಲಿ ನಾಲ್ಕು ಮೂಲೆಯದೊಂದು ಹೆಚ್ಚಿನ ತುಂಡು ಕೂಡಿಸಿ, ಅಲ್ಲಿ ಮೂರು ಸಾಲು ಹೊಲಿಗೆ. ಮೊಣಕಾಲಿಗೆ ಇಮ್ಮಡಿ ಬಟ್ಟೆ. ಸೊಂಟಕ್ಕೆ ಹಿಂದೆ ಇಲಾಸ್ಟಿಕ್ಕು, ಮುಂದೆ ಲಾಡಿ. ಉಂಬಳ ಒಳಗೆ ನುಗ್ಗದ ಹಾಗೆ ಪಾದದ ಹತ್ತಿರ ಕಟ್ಟಿಕೊಳ್ಳಲು ಪಟ್ಟಿ. ಮೊಣಕೈ ತನಕ ಕೈ ಹೋಗುವ ಎರಡು ಕಿಸೆ. ನಾನು ಮೂರು ಮಳೆಗಾಲ ಅದನ್ನೇ ಹಾಕಿಕೊಂಡು ಬಂಡೆ ಹತ್ತಿದೆ, ಜಾರಿದೆ, ಬೇಲಿ ಹಾರಿದೆ. ಒಂದು ಎಳೆಯೂ ಬಿಟ್ಟಿಲ್ಲ. ಇಷ್ಟೆಲ್ಲ ಹೊಲಿಯುವ ಬಂಗಾರಕ್ಕ ಮಾತ್ರ ಅರವತ್ತೆರಡು ವರ್ಷ ಸೀರೆ ಬಿಟ್ಟು ಬೇರೆ ಏನನ್ನೂ ತೊಟ್ಟವಳಲ್ಲ. "ನಂಗೆಂತಕ್ಕೆ? ನಾ ಮಷೀನ್ ಮುಂದೆ ಕೂರವ್ಳು" ಎನ್ನುತ್ತಿದ್ದಳು.

ಈಗ ನನ್ನ ತಪ್ಪಿನ ವಿಷಯ ಹೇಳಬೇಕು. ಹೇಳಲು ಕೂತರೆ ಇವತ್ತಿಗೂ ಮೈ ಉರಿಯುತ್ತದೆ.

ರೆಸಾರ್ಟಿನ ಮ್ಯಾನೇಜರು ನನ್ನ ಪ್ಯಾಂಟು ನೋಡಿ, "ಎಲ್ಲ ಗೈಡ್‌ಗಳಿಗೂ ಇದೇ ಮಾಡಿಸೋಣ ಸವಿತಾ, ಒಂದು ಸ್ಯಾಂಪಲ್ ತಗೊಂಡು ಬಾ" ಎಂದ. ನಾನು ಕುಣಿಯುತ್ತ ಹೋಗಿ ಬಂಗಾರಕ್ಕನಿಗೆ ಹೇಳಿದೆ. ಅವಳು ಸ್ಯಾಂಪಲ್ಲಿಗೆಂದು ಎರಡು ಪ್ಯಾಂಟು ಹೊಲಿದುಕೊಟ್ಟಳು, ನಾನು ಮ್ಯಾನೇಜರಿಗೆ ತಲುಪಿಸಿದೆ. ಮಷೀನಿನ ಮುಂದೆ ಕನ್ನಡಕ ಮೂಗಿಗಿಳಿಸಿ ಕೂತ ಅವಳದೊಂದು ಫೋಟೋ ತೆಗೆದು, "ಇವರೇ ನೋಡಿ ನಮ್ಮ ಬಂಗಾರಕ್ಕ" ಎಂದು ಬರೆದು ಮ್ಯಾನೇಜರಿಗೆ ವಾಟ್ಸಪ್ ಮಾಡಿದವಳು ನಾನೇ. ಯಾರೂ ಕೇಳಿರಲಿಲ್ಲ. ನನ್ನದೇ ದೊಡ್ಡಸ್ತಿಕೆ.

ಬಂಗಾರಕ್ಕ ಬಟ್ಟೆಯ ಥಾನು ತರಿಸಿದಳು, ನೀರಿಗೆ ಹಾಕಿದಳು, ಒಣಗಿಸಿದಳು, ಕಾದಳು. ಆಷಾಢ ಹೋಯಿತು, ಚೌತಿ ಬಂತು. ರೆಸಾರ್ಟಿನಿಂದ ಸುದ್ದಿಯೇ ಇಲ್ಲ. ಕೇಳಿದರೆ "ಪ್ರೋಸೆಸ್‌ನಲ್ಲಿದೆ" ಎನ್ನುತ್ತಿದ್ದ ಮ್ಯಾನೇಜರು. ನವರಾತ್ರಿ ಮುಗಿದ ಮೇಲೆ ಒಂದು ದಿನ ಲಾರಿಯಲ್ಲಿ ರಟ್ಟಿನ ಪೆಟ್ಟಿಗೆಗಳು ಬಂದವು. ಒಳಗೆ ಪ್ಯಾಂಟು. ಅದೇ ಹುಲ್ಲಿನ ಬಣ್ಣ, ಅದೇ ಪಟ್ಟಿ, ಅದೇ ಲಾಡಿ. ಎಲ್ಲಿ ಹೊಲಿಸಿದ್ದರೋ ದೇವರಿಗೇ ಗೊತ್ತು. ಆರು ಪ್ಯಾಂಟು ನಮಗೆ ಕೊಟ್ಟರು, ಉಳಿದದ್ದನ್ನು ರಿಸೆಪ್ಷನ್ನಿನ ಮೂಲೆಯಲ್ಲಿ ಪ್ರವಾಸಿಗರಿಗೆ ಮಾರಲು ನೇತುಹಾಕಿದರು. ಪ್ರತಿಯೊಂದಕ್ಕೂ ದಾರದಲ್ಲೊಂದು ಚೀಟಿ. ಚೀಟಿಯಲ್ಲಿ ಬಂಗಾರಕ್ಕನ ಮುಖ, ನಾನು ತೆಗೆದ ಫೋಟೋ. ಕೆಳಗೆ ಇಂಗ್ಲಿಷಿನಲ್ಲಿ, ಮಲೆನಾಡಿನ ಅಜ್ಜಿ ತನ್ನ ಕೈಯಾರೆ ಪ್ರೀತಿಯಿಂದ ಹೊಲಿದದ್ದು ಅಂತ.

ಥೂ! ನಾಚಿಕೆ ಅನ್ನುವುದು ಒಂದು ಚೂರಾದರೂ ಬೇಡವೇ ಮನುಷ್ಯರಿಗೆ?

ಮ್ಯಾನೇಜರಿಗೆ ಕೇಳಿದರೆ, "ನಿಮ್ಮ ಬಂಗಾರಕ್ಕ ಫೇಮಸ್ ಆಗ್ತಾರಲ್ಲ, ಖುಷಿಪಡಿ" ಎಂದ. ನಾನು ಅವತ್ತೇ ಸಿದ್ದಾಪುರಕ್ಕೆ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಕೆಲಸ ಹೋದೀತೆಂಬ ಹೆದರಿಕೆ. ನಾಲ್ಕು ದಿನ ಬಾಯಿ ಮುಚ್ಚಿಕೊಂಡಿದ್ದೆ. ಐದನೆಯ ದಿನ, ನಮ್ಮ ಜೊತೆಯ ಗೈಡ್ ದೇವಕಿ ಹೊಸ ಪ್ಯಾಂಟು ಹಾಕಿಕೊಂಡು ಜಲಪಾತದ ಕೆಳಗಿನ ಬಂಡೆ ಇಳಿಯುತ್ತಿದ್ದಳು. ಕೆಳಗಿದ್ದ ಒಬ್ಬ ಅಜ್ಜನಿಗೆ ಕೈ ಕೊಡಲು ಕೂತಳು. ಹಿಂದಿನಿಂದ ಮುಂದಿನ ತನಕ ಪ್ಯಾಂಟು ಪರ್ರನೆ ಹರಿಯಿತು. ಗಾಬರಿಯಾಗಿ ಎರಡೂ ಕೈ ಹಿಂದಕ್ಕೆ ತೆಗೆದುಕೊಂಡಳು, ಕಾಲು ಜಾರಿತು, ಮೊಣಕಾಲು ಬಂಡೆಗೆ ಬಡಿಯಿತು. ಇಬ್ಬರು ಹುಡುಗರು ಮೊಬೈಲಿನಲ್ಲಿ ವಿಡಿಯೋ ಮಾಡುತ್ತ ನಗುತ್ತಿದ್ದರು. ನಾನು ಅವರ ಮೊಬೈಲು ಕಿತ್ತು ಅಳಿಸಿಹಾಕಿದೆ. ನೀರಿಗೆ ಒಗೆಯದೆ ಬಿಟ್ಟದ್ದೇ ಅವರ ಪುಣ್ಯ. ದೇವಕಿ ನೋವಿಗೆ ಅಳಲಿಲ್ಲ. ನನ್ನ ಓಢಣಿ ಸುತ್ತಿಕೊಂಡು, "ಬಂಗಾರಕ್ಕ ಹಿಂಗ್ ಹೊಲ್ದು ಕೊಡ್ತಾಳೆ ಅಂತ ನಾ ಅಂದ್ಕಂಡಿರ್ಲಿಲ್ಲ" ಎಂದು ಅತ್ತಳು.

ಆ ಮಾತು ಕೇಳಿದ ಮೇಲೆ ನನಗೆ ಕೂರಲಾಗಲಿಲ್ಲ. ಹರಿದ ಪ್ಯಾಂಟು, ಚೀಟಿ ಎರಡನ್ನೂ ತೆಗೆದುಕೊಂಡು ಮರುದಿನ ಬೆಳಿಗ್ಗೆಯೇ ಸಿದ್ದಾಪುರಕ್ಕೆ ಹೋದೆ.

ಬಂಗಾರಕ್ಕ ಮೊದಲು ಪ್ಯಾಂಟನ್ನು ಒಳಮೈ ಮಾಡಿ ನೋಡಿದಳು. "ಒಂದೇ ಸಾಲು ಹೊಲ್ಗೆ. ಸಂದಿಗೆ ತುಂಡು ಹಾಕ್ಲಿಲ್ಲ. ಕಿಸೆ ಗೇಣುದ್ದ. ಯಾವ ಕುರುಡ ಹೊಲ್ದಿದ್ದೇ ಇದ್ನ?" ಎಂದಳು. ನಾನು ಚೀಟಿ ಕೊಟ್ಟೆ. ಕನ್ನಡಕ ಮೇಲೆ ಮಾಡಿ, ಕೆಳಗೆ ಮಾಡಿ, ದೂರ ಹಿಡಿದು ನೋಡಿದಳು. "ಇದು ನಾನನಾ?" ಎಂದಳು. ಎಲ್ಲವನ್ನೂ ಹೇಳಿದೆ. ಫೋಟೋ ಕಳಿಸಿದ್ದು, ನಾಲ್ಕು ದಿನ ಸುಮ್ಮನಿದ್ದದ್ದು, ದೇವಕಿ ಬಿದ್ದದ್ದು, ಅವಳು ಅಂದ ಮಾತು. ನನಗೆ ಬಯ್ಯುತ್ತಾಳೆ ಎಂದುಕೊಂಡಿದ್ದೆ. ಬಯ್ದಿದ್ದರೆ ಹಗುರಾಗುತ್ತಿತ್ತು.

"ದೇವಕಿ ಹಂಗಂದ್ಲಾ?" ಎಂದು ಮಾತ್ರ ಕೇಳಿದಳು. ಮಷೀನಿಗೆ ಬಟ್ಟೆ ಮುಚ್ಚಿದಳು. ಸಣ್ಣ ಕತ್ತರಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. "ನಡಿ, ಹೆಗ್ಗರಣೆ ಬಸ್ ಎಷ್ಟೊತ್ತಿಗೆ?"

ರೆಸಾರ್ಟಿನಲ್ಲಿ ಅವತ್ತು ಶನಿವಾರದ ಜನ. ಮ್ಯಾನೇಜರು ಎರಡೂ ಕೈ ಜೋಡಿಸಿಕೊಂಡು ಬಂದ. "ಓಹೋ ಅಮ್ಮ! ನೀವೇ ಬಂದ್ರಾ! ಒಂದು ಸೆಲ್ಫಿ ತಗೊಳ್ಳೋಣ. ನೋಡಿ, ಎಲ್ಲರೂ ನಿಮ್ಮ ಪ್ಯಾಂಟನ್ನೇ ಕೇಳ್ತಿದಾರೆ." ಬಂಗಾರಕ್ಕ ನೇತುಹಾಕಿದ್ದರಲ್ಲಿ ದೊಡ್ಡದೊಂದು ಎಳೆದುಕೊಂಡು ಹೆಂಗಸರ ಕೋಣೆಗೆ ಹೋದಳು. ಹೊರಗೆ ಬಂದಾಗ ನನಗೆ ಗುರುತೇ ಸಿಗಲಿಲ್ಲ. ಸೀರೆಯನ್ನು ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿದ್ದಳು, ಕೆಳಗೆ ಪ್ಯಾಂಟು. ಹುಟ್ಟಿದಾರಭ್ಯ ಮೊದಲ ಸಲ.  

ನಡು ಹಾಲಿನಲ್ಲಿ, ಕಾಫಿ ಕುಡಿಯುತ್ತಿದ್ದ ಅಷ್ಟೂ ಜನರ ಎದುರು, ಕುಕ್ಕರಗಾಲಲ್ಲಿ ಕೂತಳು. ಪ್ಯಾಂಟು ಹರಿದ ಸದ್ದು ಬಾಗಿಲಲ್ಲಿ ನಿಂತ ನನಗೂ ಕೇಳಿಸಿತು. ಯಾರೋ ಹುಡುಗಿ ಕಿಸಕ್ಕೆಂದಳು, ಅವಳ ತಾಯಿ ಸುಮ್ಮನಿರಿಸಿದಳು.

"ಕೇಳಿದ್ರಲ್ಲ?" ಎಂದಳು ಬಂಗಾರಕ್ಕ, ಕೂತಲ್ಲಿಂದಲೇ. "ಈ ಚೀಟಿಲಿ ಇರೂ ಮುಖ ನಂದು. ಪ್ಯಾಂಟು ನಂದಲ್ಲ. ಇದ್ನ ಹಾಕ್ಕಂಡು ಬಂಡೆ ಇಳೀಬೇಡಿ. ನಿನ್ನೆ ಒಬ್ಳು ಬಿದ್ಲು. ನನ್ ಹೆಸ್ರಲ್ಲಿ ಬಿದ್ಲು."

ಮ್ಯಾನೇಜರು "ಅಮ್ಮ, ಒಳಗೆ ಕೂತು ಮಾತಾಡೋಣ, ನಿಮಗೂ ಏನಾದ್ರೂ ವ್ಯವಸ್ಥೆ ಮಾಡ್ತೀವಿ" ಎಂದು ಹತ್ತಿರ ಬಂದ. "ದೇವಕಿ ಕಾಲಿಗೆ ಮೊದ್ಲು ವ್ಯವಸ್ಥೆ ಮಾಡು" ಎಂದಳು. ಸೆರಗಿನಿಂದ ಕತ್ತರಿ ಬಿಚ್ಚಿ, ಮೂಲೆಗೆ ಹೋಗಿ ಕೂತು, ನೇತುಹಾಕಿದ್ದ ಪ್ಯಾಂಟುಗಳನ್ನು ಒಂದೊಂದಾಗಿ ಮಡಿಲಿಗೆಳೆದುಕೊಂಡು, ಚೀಟಿಯ ದಾರ ಮಾತ್ರ ಕತ್ತರಿಸತೊಡಗಿದಳು. ನನ್ನ ಸಿಟ್ಟಿಗೆ ನಾನಾಗಿದ್ದರೆ ಬಟ್ಟೆಯನ್ನೇ ಸೀಳಿಹಾಕುತ್ತಿದ್ದೆ. ಹಾಗೆಂದು ಹೇಳಿಯೂ ಬಿಟ್ಟೆ. "ಬಟ್ಟೆ ಎಂತ ತಪ್ಪು ಮಾಡಿದ್ದೇ?" ಎಂದು ನನ್ನನ್ನೇ ಗದರಿದಳು. ಕೊನೆಯ ಚೀಟಿ ಮುಗಿಯುವ ತನಕ ಯಾರೂ ಅವಳನ್ನು ತಡೆಯಲಿಲ್ಲ. ಅವರು ನನ್ನನ್ನು ತೆಗೆದುಹಾಕುವ ಮೊದಲೇ ನಾನು ಕೆಲಸ ಬಿಟ್ಟೆ ಎಂದು ಹೇಳಿ ಅವಳ ಜೊತೆ ಬಸ್ಸು ಹತ್ತಿದೆ.

ಒಣಗಿಸಿಟ್ಟ ಆ ಥಾನಿನಲ್ಲಿ ಮೊದಲ ಪ್ಯಾಂಟು ದೇವಕಿಗೆ ಹೊಲಿದಳು. ಅವಳ ಮೊಣಕಾಲು ಇನ್ನೂ ಮಡಚುತ್ತಿರಲಿಲ್ಲ. ಕುಕ್ಕರಗಾಲಲ್ಲಿ ಕೂರಲು ಬರುವ ತನಕ ಅಳತೆ ತೆಗೆಯುವುದಿಲ್ಲ ಎಂದು ಒಂದೂವರೆ ತಿಂಗಳು ಕಾದಳು. ದೇವಕಿ ಕೂತ ದಿನ ಬಂಗಾರಕ್ಕ ಓಣಿಗೆಲ್ಲ ಚಹಾ ಕುಡಿಸಿದಳು.

ಹೋದ ವರ್ಷ ಮಳೆಗಾಲದ ಕೊನೆಗೆ ಬಂಗಾರಕ್ಕ ಹಾಸಿಗೆ ಹಿಡಿದಳು. ಉಸಿರಿನ ತೊಂದರೆ. ನಾನು ಈಗ ಸ್ವಂತವಾಗಿ ಚಾರಣಕ್ಕೆ ಜನ ಕರೆದೊಯ್ಯುತ್ತೇನೆ; ಯಲ್ಲಾಪುರದ ಕಡೆ ಹೋಗಿದ್ದಾಗ ಹೆದ್ದಾರಿಯ ಒಂದು ಹೋಟೆಲಿನಲ್ಲಿ ಅದೇ ಪ್ಯಾಂಟು ನೇತಾಡುವುದು ಕಂಡಿತು.  ಚೀಟಿ ತಿರುಗಿಸಿ ನೋಡಿದರೆ ಅದರಲ್ಲಿ ಬಂಗಾರಕ್ಕ ಇರಲಿಲ್ಲ. ಬೇರೆ ಯಾರೋ ಮುದುಕಿ, ಮೂಗಿನ ಎರಡೂ ಕಡೆ ಮೂಗುತಿ, ಹಲ್ಲಿಲ್ಲದ ನಗು. ನನಗೆ ಎಷ್ಟು ಖುಷಿಯಾಯಿತೆಂದರೆ ಆ ಚೀಟಿಯನ್ನು ಹರಿದುಕೊಂಡು ಸೀದಾ ಅವಳ ಮನೆಗೆ ಓಡಿದೆ. ಗೆದ್ದೆವು ಎಂದುಕೊಂಡಿದ್ದೆ.

"ನೋಡು ಬಂಗಾರಕ್ಕಾ, ನಿನ್ ಫೋಟೋ ತೆಗ್ದಾರೆ" ಎಂದೆ.

ಅವಳು ದಿಂಬಿಗೆ ಒರಗಿ ಚೀಟಿ ನೋಡಿದಳು.  ಆಮೇಲೆ ಕೈಯೂರಿ ಎದ್ದು ಕೂತಳು. ಮಗಳು "ಮಲಕ್ಕಳೇ ಅಬ್ಬೇ" ಎಂದು ಓಡಿಬಂದಳು. ಕೇಳಲಿಲ್ಲ.

"ಇವ್ಳ್ಯಾರೇ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ? ವಿಚಾರ್ಸಿದ್ಯಾ? ಪಾಪ, ನಗ್ತಾ ಕೂತಾಳೆ. ಇವ್ಳಿಗೂ ಯಾರೋ ನಿನ್ನಂತವ್ಳು ಬಂದು ಫೋಟೋ ಹೊಡ್ಕಂಡು ಹೋಗಿರ್ಬೇಕು. ಇವ್ಳ ಮುಖ ನೋಡಿ ಯಾರೋ ತಕ್ಕಳ್ತಾರೆ, ಎಲ್ಲೋ ಬೀಳ್ತಾರೆ. ಇವ್ಳಿಗೆ ಹೇಳವ್ರು ಯಾರು?" ಉಸಿರು ಸಾಲದೆ ಮಾತು ನಿಲ್ಲಿಸಿದಳು. ಮತ್ತೆ ಹೇಳಿದಳು: "ನಂದು ತೆಗ್ದ್ರು ಅಂತ ಖುಷಿ ಪಟ್ಯಲ್ಲೇ ನೀನು! ನಾ ಎದ್ದ ಕೂಡ್ಲೆ ಇಬ್ರೂ ಇವ್ಳ ಹುಡ್ಕಂಡು ಹೋಪ, ಅಲ್ಲೀವರ್ಗೆ ನೀ ಕೇಳ್ತಾ ಇರು."

ಅವಳು ನನ್ನನ್ನು ನಿಜವಾಗಿ ಬಯ್ದದ್ದು ಅದೊಂದೇ ಸಲ. ನಾಲ್ಕನೆಯ ದಿನ ಹೋಗಿಬಿಟ್ಟಳು.

ಆ ಚೀಟಿ ನನ್ನ ಕಿಸೆಯಲ್ಲೇ ಇದೆ. ಹೋದಲ್ಲೆಲ್ಲ ತೆಗೆದು ತೋರಿಸುತ್ತೇನೆ. ಹೆಗ್ಗರಣೆಯಲ್ಲಿ ಯಾರೂ ಗುರುತಿಸಲಿಲ್ಲ, ಯಲ್ಲಾಪುರದ ಸಂತೆಯಲ್ಲೂ ಇಲ್ಲ. ಮೊನ್ನೆ ಮತ್ತಿಘಟ್ಟದಲ್ಲಿ ಹಾಲು ತರುತ್ತಿದ್ದ ಒಬ್ಬಾಕೆ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿ, "ಇವ್ಳು ನಮ್ ಮನ್ಮನೆ ಚಿಕ್ಕಮ್ಮನ ಹಾಂಗೇ ಕಾಣ್ತಾಳಲ್ಲೇ, ಪೇಪರಲ್ಲಿ ಬಂದಾಳನಾ?" ಎಂದು ಖುಷಿಯಿಂದ ಕೇಳಿದಳು. ನಾಳೆ ಬೆಳಿಗ್ಗೆ ಆ ಚಿಕ್ಕಮ್ಮನ ಊರು ಮನ್ಮನೆಗೆ ಹೋಗುತ್ತಿದ್ದೇನೆ.